ಪೋಲಿಯೊ ಹೋಯ್ತು, ಸುಸ್ತು ಬಂತು

ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಓದಿದ ಮಾತು



ಬೆಳಗಿನಿಂದ ಈ ವೇದಿಕೆಯಲ್ಲಿ ಕೆಚ್ಚಲು ಬಾವು, ಗರ್ಭ ಕಟ್ಟದಿರುವುದು, ಖನಿಜ ಮಿಶ್ರಣ, ಹಸಿರು ಮೇವು ಎಲ್ಲದರ ಬಗ್ಗೆ ತಿಳಿದವರು ಮಾತಾಡಿದ್ದಾರೆ. ಬೇಕಾದ ಮಾತೇ. ನಮ್ಮೂರಲ್ಲಿ ಹಸು ಕಾಲೆಳೆದರೆ ಅರ್ಧ ಗಂಟೆಯೊಳಗೆ ಪಶುವೈದ್ಯರಿಗೆ ಫೋನು ಹೋಗುತ್ತದೆ. ಮನುಷ್ಯ ಕಾಲೆಳೆದರೆ "ಅವನು ಮೊದಲಿಂದಲೂ ಹಂಗೇ ಅಲ್ವಾ" ಅಂತ ಬಿಟ್ಟುಬಿಡುತ್ತೇವೆ. ಆ ಮನುಷ್ಯರ ಪರವಾಗಿ ಇಪ್ಪತ್ತು ನಿಮಿಷ ಕೇಳಿಕೊಂಡು ನಾವು ನಿಂತಿದ್ದೇವೆ. ನಿಂತಿದ್ದೇವೆ ಅಂದದ್ದು ಮಾತಿಗೆ. ಕುರ್ಚಿ ಹಾಕಿಸಿಕೊಂಡು ಕೂತೇ ಓದುತ್ತೇವೆ, ಯಾಕೆ ಅನ್ನೋದು ಮುಂದೆ ತಿಳಿಯುತ್ತದೆ.

ನಾವು ಅಂದರೆ ನಾಲ್ಕು ಜನ. ಎಲ್ಲರೂ ಈ ಸಂಘದ ಸದಸ್ಯ ಕುಟುಂಬಗಳಿಗೆ ಸೇರಿದವರೇ. 1967ರಿಂದ 1981ರ ನಡುವೆ, ಒಬ್ಬೊಬ್ಬರು ಒಂದೊಂದು ವರ್ಷದಲ್ಲಿ, ಇನ್ನೂ ನಡಿಗೆ ಕಲಿಯುವ ವಯಸ್ಸಿನಲ್ಲಿ ಜ್ವರ ಬಂದು ಕಾಲು ಕಳೆದುಕೊಂಡವರು. ಒಬ್ಬರು ನೀವು ದಿನಾ ಎರಡು ಹೊತ್ತು ನೋಡುವ ಹಾಲು ಪರೀಕ್ಷಕರು. ಒಬ್ಬಾಕೆ ಊರಿನ ಅರ್ಧ ಹೆಂಗಸರ ರವಿಕೆ ಹೊಲಿದವರು. ಒಬ್ಬರು ನಿವೃತ್ತಿ ಹತ್ತಿರವಿರುವ ಪ್ರಾಥಮಿಕ ಶಾಲೆಯ ಮೇಷ್ಟ್ರು. ಇನ್ನೊಬ್ಬರು ಎರಡು ಹಸು, ಒಂದು ಚಿಲ್ಲರೆ ಅಂಗಡಿ ಇಟ್ಟುಕೊಂಡು ಸಂಸಾರ ಸಾಗಿಸುತ್ತಿರುವವರು. ಹೆಸರು ಹಾಕೋದು ಬೇಡ ಅಂತ ನಾವೇ ತೀರ್ಮಾನ ಮಾಡಿದೆವು. ಹೇಳದಿದ್ದರೂ ನಿಮಗೆಲ್ಲ ಗೊತ್ತಿರುವ ವಿಚಾರ. ಇದನ್ನು ಬರೆದದ್ದು ಮೇಷ್ಟ್ರ ಕೈ, ಹೇಳಿದ್ದು ನಾಲ್ವರ ಬಾಯಿ.

ಹಳೆಯ ಕತೆ ಹಿರಿಯರಿಗೆ ನೆನಪಿರುತ್ತದೆ. ಎರಡು ದಿನ ಜ್ವರ, ಮೂರನೇ ದಿನ ಮಗು ಎತ್ತಿದರೆ ಕಾಲು ಜೋತುಬೀಳುತ್ತಿತ್ತು. ದೃಷ್ಟಿ ಆಯ್ತು ಅಂದರು, ಗಾಳಿ ಸೋಕಿತು ಅಂದರು. ಎಣ್ಣೆ ನೀವಿದರು, ಎಲೆ ಕಟ್ಟಿದರು. ಹೊಳೆ ದಡದಲ್ಲಿ ಗುಂಡಿ ತೋಡಿ ಸೊಂಟದವರೆಗೆ ಮರಳಲ್ಲಿ ಹೂತು ನಿಲ್ಲಿಸಿದರು. ನಮ್ಮಲ್ಲಿಬ್ಬರು ಆ ಮರಳಲ್ಲಿ ನಿಂತು ಅತ್ತವರು. "ಸೂಜಿ ಹಾಕಿಸಿದ್ದಕ್ಕೇ ಕಾಲು ಹೋಯ್ತು" ಅಂತ ನಮ್ಮ ತಾಯಂದಿರು ಕೊನೆಯವರೆಗೂ ಹೇಳುತ್ತಿದ್ದರು. ಓದಿದವರು ಅದನ್ನು ಮೂಢನಂಬಿಕೆ ಅಂತ ನಗುತ್ತಿದ್ದರು. ಪೂರ್ತಿ ಮೂಢನಂಬಿಕೆ ಅಲ್ಲ. ಪೋಲಿಯೊ ವೈರಸ್ಸು ಮೈಯಲ್ಲಿರುವಾಗ ತೊಡೆಗೆ, ಕುಂಡಿಗೆ ಚುಚ್ಚಿದ ಸೂಜಿಯಿಂದ ಆ ಕಾಲಿಗೆ ಪಾರ್ಶ್ವವಾಯು ಬರುವ ಸಂಭವ ಹೆಚ್ಚುತ್ತದೆ ಅನ್ನುವುದು ವೈದ್ಯರೇ ಒಪ್ಪಿರುವ ಸಂಗತಿ. ಸೂಜಿ ರೋಗ ತಂದಿರಲಿಲ್ಲ, ಬಂದ ರೋಗಕ್ಕೆ ದಾರಿ ಮಾಡಿಕೊಟ್ಟಿತ್ತು. ತಾಯಂದಿರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು ಅಂತ ಇಂದು ಈ ಸಭೆಯಲ್ಲಿ ದಾಖಲಾಗಲಿ.

ಆಮೇಲೆ ನಮಗೆ ಎಲ್ಲರೂ ಹೇಳಿದ್ದು ಒಂದೇ ಮಾತು. ಕಷ್ಟಪಡು, ಬಲ ಬರುತ್ತೆ. ಪಟ್ಟೆವು. ತೊಡೆ ಮೇಲೆ ಕೈ ಊರಿಕೊಂಡು, ಬಗ್ಗಿ ಬಗ್ಗಿ ಹೈಸ್ಕೂಲಿಗೆ ನಡೆದೆವು. ಸೈಕಲ್ಲನ್ನು ಒಂದೇ ಕಾಲಲ್ಲಿ ತುಳಿದೆವು. ನಾಟಿ ಬಿಟ್ಟು ಉಳಿದ ಎಲ್ಲ ಕೆಲಸ ಮಾಡಿದೆವು, ನಮ್ಮಲ್ಲೊಬ್ಬರು ನಾಟಿಯನ್ನೂ ಮಾಡಿದರು. ಮದುವೆ, ಮಕ್ಕಳು, ಮನೆ ಎಲ್ಲ ಆಯಿತು. ಕುಂಟ, ಕುಂಟಿ ಅನ್ನುವ ಹೆಸರು ಅಂಟಿಕೊಂಡರೂ ದುಡಿಮೆಯಲ್ಲಿ ಯಾರಿಗೂ ಕಡಿಮೆ ಅನ್ನಿಸಿಕೊಳ್ಳಲಿಲ್ಲ. ಪೋಲಿಯೊ ಅನ್ನೋದು ಮುಗಿದ ಅಧ್ಯಾಯ, ಮಾಡಬೇಕಾದ ಹಾನಿ ಮಾಡಿ ಹೋಯಿತು ಅಂತಲೇ ನಂಬಿದ್ದೆವು.

ಈಗ ಎಂಟು ಹತ್ತು ವರ್ಷದಿಂದ ಬೇರೆಯೇ ಒಂದು ಶುರುವಾಗಿದೆ. ಮೊದಲು ಬಂದದ್ದು ಸುಸ್ತು. ಈ ಸುಸ್ತು ಅನ್ನುವ ಮಾತು ಸಾಲದು, ಬೇರೆ ಮಾತು ನಮಗೆ ಸಿಕ್ಕಿಲ್ಲ. ಹೊಲದಲ್ಲಿ ಗೇದು ಬಂದವರಿಗೆ ಆಗುವ ಸುಸ್ತು ಊಟ ಮಾಡಿ ಮಲಗಿದರೆ ಹೋಗುತ್ತದೆ, ಅದರಲ್ಲಿ ಒಂದು ಸುಖವೂ ಇದೆ. ಇದು ಹಂಗಲ್ಲ. ಬೆಳಿಗ್ಗೆ ಎದ್ದಾಗ ಚೆನ್ನಾಗೇ ಇರುತ್ತೇವೆ. ಮಧ್ಯಾಹ್ನ ಎರಡು, ಮೂರು ಗಂಟೆ ಹೊತ್ತಿಗೆ ಕರೆಂಟು ಹೋದ ಹಾಗೆ ಮೈಯೆಲ್ಲ ಒಮ್ಮೆಲೇ ಕುಸಿಯುತ್ತದೆ. ಮಾತಾಡುತ್ತಿದ್ದ ಮಾತು ಮುಗಿಸುವಷ್ಟು ಉಸಿರೂ ಇರುವುದಿಲ್ಲ. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಎತ್ತಿದ ಕೈಯನ್ನು ಹಂಗೇ ಇಳಿಸಿ, ಮಕ್ಕಳಿಗೆ ಓದಿಕೊಳ್ಳಿ ಅಂತ ಹೇಳಿ ಕೂತುಬಿಟ್ಟದ್ದುಂಟು.

ಆಮೇಲೆ ಬಂದದ್ದು ನೋವು. ಅದರಲ್ಲೂ ಬಗೆಗಳಿವೆ. ಮೊದಲನೆಯದು ಮಾಂಸಖಂಡದ ಒಳಗಿನ ನೋವು. ಜ್ವರ ಬರುವ ಮುಂಚೆ ಮೈ ಕೈ ಹಿಂಡುತ್ತದಲ್ಲ, ಆ ಥರದ್ದು, ಆದರೆ ಒಂದೇ ಜಾಗದಲ್ಲಿ, ತೊಡೆಯಲ್ಲೋ ತೋಳಲ್ಲೋ. ಜಾಸ್ತಿ ಕೆಲಸ ಮಾಡಿದ ದಿನಕ್ಕಿಂತ ಮಾರನೇ ದಿನ, ಅದರ ಮಾರನೇ ದಿನ ಹೆಚ್ಚು. ರಾತ್ರಿ ಮೀನಖಂಡ ಗಂಟು ಕಟ್ಟಿ ಹಿಡಿದುಕೊಳ್ಳುತ್ತದೆ. ಕೆಲವು ಸಲ ನೋವಿಲ್ಲದೆಯೇ ಚರ್ಮದಡಿ ಹುಳ ಹರಿದ ಹಾಗೆ ಮಾಂಸ ಅದುರುತ್ತದೆ. ಎರಡನೆಯದು ಕೀಲಿನ ನೋವು. ನಲವತ್ತು ವರ್ಷ ಸೊಟ್ಟ ನಡೆದ ಸೊಂಟ, ಊರುಗೋಲಿಗೆ ಭಾರ ಕೊಟ್ಟ ಭುಜ, ತೊಡೆ ಒತ್ತಿದ ಮಣಿಕಟ್ಟು, ಇವು ತಮ್ಮ ಲೆಕ್ಕ ಕೇಳುತ್ತವೆ. ಚಳಿ ಬಂದರೆ ಇದೆಲ್ಲ ಒಂದಕ್ಕೆ ಎರಡು. ಮಾಗಿಯಲ್ಲಿ ಪೋಲಿಯೊ ಆದ ಕಾಲು ತಣ್ಣಗೆ ಕೊರೆದು ನೀಲಿಗಟ್ಟುತ್ತದೆ, ಕಾಲು ತಣ್ಣಗಾದರೆ ಇದ್ದಬದ್ದ ಬಲವೂ ಇಳಿಯುತ್ತದೆ.

ಇದಕ್ಕಿಂತ ನಮ್ಮನ್ನು ಹೆದರಿಸಿದ್ದು ಮೂರನೆಯದು. ಪೋಲಿಯೊ ಆದ ಕಾಲಿನ ಮಾತು ಬಿಡಿ, ಚೆನ್ನಾಗಿದ್ದ ಕಾಲೇ ಕೈ ಕೊಡಲು ಶುರುಮಾಡಿತು. ಹೊಲಿಗೆಯ ಅಕ್ಕ ಮೂವತ್ತು ವರ್ಷ ಯಂತ್ರ ತುಳಿದದ್ದು ಬಲಗಾಲಲ್ಲಿ. ಎಡಗಾಲು ಮಾತ್ರ ಪೋಲಿಯೊ ಕಾಲು ಅಂತ ಅವರ ಲೆಕ್ಕ. ಒಂದು ದೀಪಾವಳಿಯ ಕೆಲಸದ ಹೊತ್ತಿನಲ್ಲಿ ಬಲಗಾಲು ಪೆಡಲಿನ ಮೇಲೆ ನಿಂತೇ ಹೋಯಿತು, ಒತ್ತಿದರೂ ಒತ್ತಲಾರದು.

ಊರು ಏನಂದಿತು ಅಂತ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. "ವಯಸ್ಸಾಯ್ತಲ್ಲಪ್ಪಾ, ನಮಗಿಲ್ವಾ ನೋವು" ಅಂದಿತು. "ಇಷ್ಟು ದಿನ ಗೇಯುತ್ತಿದ್ದ, ಈಗ ಮಕ್ಕಳು ದುಡೀತಾರೆ, ಮೈಗಳ್ಳತನ" ಅಂದಿತು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಪೋಲಿಯೊ ಅಂದ ಕೂಡಲೇ "ಅದು ಹಳೇದಾಯ್ತು, ಈಗಿನದ್ದು ಹೇಳಿ" ಅಂದರು. ಇನ್ನೊಂದು ಕಡೆ ವ್ಯಾಯಾಮ ಸಾಲದು ಅಂತ ಮೆಟ್ಟಿಲು ಹತ್ತಿಳಿಯೋಕೆ ಹೇಳಿದರು. ಅಂಗಡಿಯಣ್ಣ ಹೇಳಿದ್ದನ್ನು ತಪ್ಪದೆ ಪಾಲಿಸಿದರು, ಒಂದು ತಿಂಗಳಲ್ಲಿ ಹಾಸಿಗೆ ಹಿಡಿದರು. ಕೊನೆಗೆ ಬೆಂಗಳೂರಿಗೆ ಹೋಗಿ ನರ ಮತ್ತು ಸ್ನಾಯುವಿನ ರೋಗಗಳನ್ನೇ ನೋಡುವ ವೈದ್ಯರ ಹತ್ತಿರ ಕೂತಾಗ, ಅವರು ಮೊದಲು ಕೇಳಿದ್ದೇ ಜ್ವರ ಬಂದ ವರ್ಷ ಯಾವುದು ಅಂತ. ನಮ್ಮಲ್ಲೊಬ್ಬರು ಆ ಪ್ರಶ್ನೆಗೇ ಕಣ್ಣೀರು ಹಾಕಿದರು.

ಇದಕ್ಕೊಂದು ಹೆಸರಿದೆ ಅಂತ ಅಲ್ಲಿ ತಿಳಿಯಿತು. ಪೋಸ್ಟ್ ಪೋಲಿಯೊ ಸಿಂಡ್ರೋಮ್. ಪೋಲಿಯೊ ನಂತರದ ತೊಂದರೆ ಅಂತ ಇಟ್ಟುಕೊಳ್ಳೋಣ. ಡಾಕ್ಟರು ಹೇಳಿದ್ದನ್ನು ನಮ್ಮೂರ ಮಾತಿಗೆ ತಂದು ಹೇಳುತ್ತೇವೆ.

ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳಿರುತ್ತವೆ. ಒಂದೊಂದು ಕೋಶವೂ ತನ್ನ ಪಾಲಿಗೆ ಬಂದ ಇಷ್ಟು ಸ್ನಾಯುವಿನ ಎಳೆಗಳನ್ನು ನೋಡಿಕೊಳ್ಳುತ್ತದೆ, ದನ ಕಾಯುವವನು ತನ್ನ ಮಂದೆ ನೋಡಿಕೊಂಡ ಹಾಗೆ. ಪೋಲಿಯೊ ವೈರಸ್ಸು ಬಂದು ಕಾಯುವವರಲ್ಲಿ ಬಹಳ ಜನರನ್ನು ಕೊಂದುಹಾಕಿತು. ಯಜಮಾನರಿಲ್ಲದ ದನಗಳು ನಿಂತವು. ಉಳಿದ ಕಾಯುವವರು ಏನು ಮಾಡಿದರು? ಹೊಸ ಕವಲು ಚಾಚಿ, ಸತ್ತವರ ದನಗಳನ್ನೂ ತಮ್ಮ ಮಂದೆಗೆ ಸೇರಿಸಿಕೊಂಡರು. ಐದಾರು ಪಟ್ಟು ಜಾಸ್ತಿ ದನ ಕಾಯ್ದರು. ಚಿಕ್ಕಂದಿನಲ್ಲಿ ನಮಗೆ ತಿರುಗಿ ಬಂದ ಬಲ ಬಹುಪಾಲು ಅದೇ. ಆದರೆ ಒಬ್ಬನೇ ಅಷ್ಟು ದನ ಎಷ್ಟು ವರ್ಷ ಕಾಯ್ದಾನು? ಮೂವತ್ತು, ನಲವತ್ತು ವರ್ಷವಾದ ಮೇಲೆ ಅವನ ಕೈ ಸೋಲುತ್ತದೆ. ಚಾಚಿದ ಕವಲುಗಳು ಒಂದೊಂದೇ ಉದುರುತ್ತವೆ, ದನ ಕೈ ಬಿಡುತ್ತವೆ. ಅದೇ ಹೊಸ ನಿಶ್ಶಕ್ತಿ, ಅದೇ ಸುಸ್ತು. ಹೀಗೇ ಆಗುತ್ತದೆ ಅಂತ ಬಹುಪಾಲು ವೈದ್ಯರು ನಂಬುತ್ತಾರೆ.

ಒಳ್ಳೆಯ ಕಾಲಿನ ಗುಟ್ಟೂ ಇಲ್ಲೇ ಇದೆ. ಒಂದು ಸ್ನಾಯುವಿನ ನರಕೋಶಗಳಲ್ಲಿ ಅರ್ಧದಷ್ಟು ಸತ್ತರೂ ಹೊರಗಿನಿಂದ ನೋಡಿದರೆ ಅದು ಗಟ್ಟಿಯಾಗೇ ಕಾಣಬಹುದಂತೆ. ಅಂದರೆ ಅಕ್ಕನ ಬಲಗಾಲಿಗೂ ಆವತ್ತೇ ಪೆಟ್ಟು ಬಿದ್ದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ, ಅಷ್ಟೆ. ಮೂವತ್ತು ವರ್ಷ ಆ ಅರೆಬಲದ ಕಾಲೇ ಎರಡು ಕಾಲಿನ ಕೆಲಸ ಮಾಡಿತು.

ಇದು ಹೊಸ ರೋಗವೂ ಅಲ್ಲ, ನಮ್ಮ ಊಹೆಯೂ ಅಲ್ಲ. ಫ್ರಾನ್ಸ್ ದೇಶದಲ್ಲಿ 1875ರಲ್ಲೇ ಒಬ್ಬ ಯುವಕನ ವಿಚಾರ ವೈದ್ಯರು ಬರೆದಿಟ್ಟಿದ್ದಾರೆ. ಹಸುಗೂಸಾಗಿದ್ದಾಗ ಪೋಲಿಯೊ ಆಗಿ, ಹತ್ತೊಂಬತ್ತನೇ ವಯಸ್ಸಿಗೆ ಹೊಸದಾಗಿ ನಿಶ್ಶಕ್ತಿ ಬಂದವನು. ಆಮೇಲೆ ಇದು ಮರೆತೇ ಹೋಯಿತು. ಅಮೆರಿಕದಲ್ಲಿ 1940 ಮತ್ತು 50ರ ದಶಕದ ಪಿಡುಗಿನಲ್ಲಿ ಪೋಲಿಯೊ ಆದವರಿಗೆ 1980ರ ಹೊತ್ತಿಗೆ ಹಿಂಡುಹಿಂಡಾಗಿ ಸುಸ್ತು, ನೋವು ಶುರುವಾದಾಗ ವೈದ್ಯಲೋಕ ಮತ್ತೆ ಕಣ್ಣು ಬಿಟ್ಟಿತು. ಪೋಲಿಯೊ ಆಗಿ ಉಳಿದ ನೂರು ಜನರಲ್ಲಿ 25ರಿಂದ 40 ಜನಕ್ಕೆ ಇದು ಬರುತ್ತದೆ ಅನ್ನುತ್ತಾರೆ. ಅವರ ಪಿಡುಗು ನಮಗಿಂತ ಬಹಳ ಮುಂಚೆ ಮುಗಿಯಿತು. ನಮ್ಮಲ್ಲಿ 1970, 80ರ ದಶಕದ ಮಕ್ಕಳು ಈಗ ಆ ವಯಸ್ಸಿಗೆ ಬರುತ್ತಿದ್ದಾರೆ. ಸುತ್ತಲ ಹಳ್ಳಿಗಳಲ್ಲಿ ನಮ್ಮಂಥವರು ಎಷ್ಟಿದ್ದಾರೆ ಅಂತ ನೀವೇ ಬೆರಳು ಮಡಿಸಿ ಎಣಿಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ಅಂಟುವ ರೋಗವಲ್ಲ. ವೈರಸ್ಸು ನಮ್ಮ ಮೈಯಲ್ಲಿ ಮತ್ತೆ ಎದ್ದಿಲ್ಲ. ಪರೀಕ್ಷಕರು ಮುಟ್ಟಿದ ಹಾಲಿಗೆ, ಅಕ್ಕ ಹೊಲಿದ ಬಟ್ಟೆಗೆ ಏನೂ ಆಗುವುದಿಲ್ಲ. ಈ ಮಾತು ಬೇಕಾಗಿರಲಿಲ್ಲ, ಆದರೆ ಹಾಲಿನ ಡೇರಿ ಮುಂದೆಯೇ ಒಂದು ದಿನ ಆ ಪ್ರಶ್ನೆ ಬಂದದ್ದರಿಂದ ಹೇಳಬೇಕಾಯಿತು. ಹಾಗೆಯೇ, ಸ್ನಾಯು ಸೋಲುವ ರೋಗಗಳೆಲ್ಲ ಒಂದೇ ಅಲ್ಲ. ಮಸ್ಕ್ಯುಲರ್ ಡಿಸ್ಟ್ರೊಫಿ ಅನ್ನೋದು ಬೇರೆ, ಅದು ವಂಶವಾಹಿಯ ದೋಷದಿಂದ ಬರುವುದು. ರೆಪ್ಪೆ ಜೋತುಬೀಳುವ, ಸಂಜೆಗೆ ಹೆಚ್ಚುವ ಮಯಸ್ತೇನಿಯಾ ಅನ್ನೋದು ಮತ್ತೊಂದು, ಅದಕ್ಕೆ ಒಳ್ಳೆಯ ಔಷಧಿಗಳಿವೆ. ನಮ್ಮದಕ್ಕೆ ಹೇಳಿದ್ದನ್ನು ಅವರಿಗೆ ಹೇಳಬೇಡಿ.

ಇದನ್ನು ಹಿಡಿದುಕೊಡುವ ರಕ್ತಪರೀಕ್ಷೆ ಒಂದೂ ಇಲ್ಲ. ಹಾಗಾಗಿ ಬೇರೆ ಕಾರಣಗಳನ್ನೆಲ್ಲ ಒಂದೊಂದಾಗಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಇದು ಅನ್ನುತ್ತಾರೆ. ಈ ಪಕ್ಕಕ್ಕಿಡುವ ಕೆಲಸ ಮುಖ್ಯ. ಪೋಲಿಯೊ ಆದವರಿಗೆ ರಕ್ತಹೀನತೆ ಬರಬಾರದು ಅಂತೇನಿಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ, ಬೆನ್ನುಮೂಳೆಯಲ್ಲಿ ನರ ಒತ್ತುವುದು, ರಾತ್ರಿ ಸರಿಯಾಗಿ ಉಸಿರಾಡದೆ ನಿದ್ದೆ ಕೆಡುವುದು, ಎಲ್ಲವೂ ಸುಸ್ತು ತರುತ್ತವೆ, ಎಲ್ಲಕ್ಕೂ ಚಿಕಿತ್ಸೆ ಇದೆ. ಮೇಷ್ಟ್ರಿಗೆ ಥೈರಾಯ್ಡ್ ಸಿಕ್ಕಿತು, ಮಾತ್ರೆ ನುಂಗಿದ ಮೇಲೆ ಅರ್ಧ ಸುಸ್ತು ಹೋಯಿತು. ಉಳಿದರ್ಧ ಪೋಲಿಯೊ ಪಾಲು.

ಔಷಧಿ? ಹೋದ ಬಲ ತರುವ ಔಷಧಿ ಇಲ್ಲ. ಇದನ್ನು ಕೇಳಿಸಿಕೊಂಡು ಬಸ್ಸು ಹತ್ತಿದ ದಿನ ನಾವು ಊರು ಬರುವವರೆಗೂ ಮಾತಾಡಲಿಲ್ಲ. ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಸಾಮಾನ್ಯವಾಗಿ ಇದು ಬಹಳ ನಿಧಾನವಾಗಿ ಹೆಚ್ಚುವಂಥದ್ದು, ನಡುವೆ ವರ್ಷಗಟ್ಟಲೆ ನಿಂತಲ್ಲೇ ನಿಲ್ಲುವುದೂ ಉಂಟು, ಇರುವ ಬಲವನ್ನು ಹೇಗೆ ಖರ್ಚು ಮಾಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ ಅಂತ. ಸಂಘದ ಲೆಕ್ಕ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಆದಾಯ ಹೆಚ್ಚುವ ಹಾಗಿಲ್ಲ, ಖರ್ಚು ನೋಡಿಕೊಂಡು ಮಾಡಬೇಕು.

ನಾವು ಖರ್ಚು ಮಾಡುವ ರೀತಿ ಹೀಗಿದೆ. ಮೊದಲನೆಯದಾಗಿ, ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮುಂಚೆ ಕೂರುವುದು. ಇದನ್ನು ಕಲಿಯೋಕೆ ನಮಗೆ ಎರಡು ವರ್ಷ ಹಿಡಿಯಿತು, ಯಾಕೆಂದರೆ ಹುಟ್ಟಿದಾಗಿನಿಂದ ಕಲಿತದ್ದು ಅದರ ಉಲ್ಟಾ. ಮೈ ಚೆನ್ನಾಗಿರುವ ದಿನ ಬಾಕಿ ಕೆಲಸವೆಲ್ಲ ಮುಗಿಸಿಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಮುಂದಿನ ಮೂರು ದಿನ ಹಾಸಿಗೆ. ಈಗ ನಮ್ಮ ಅಳತೆಗೋಲು ಒಂದೇ: ಇವತ್ತಿನ ಕೆಲಸದ ನೋವು ನಾಳೆ ಬೆಳಿಗ್ಗೆಯೂ ಇದ್ದರೆ, ಇವತ್ತು ಮಾಡಿದ್ದು ಜಾಸ್ತಿಯಾಯಿತು. ವ್ಯಾಯಾಮ ಬೇಡ ಅಂತಲ್ಲ. ಏನೂ ಮಾಡದೆ ಕೂತರೂ ಇರುವ ಸ್ನಾಯು ಕರಗುತ್ತದೆ. ಸ್ವಲ್ಪ, ನಡುನಡುವೆ ಬಿಟ್ಟು, ನೋವು ಬರುವ ಮುಂಚೆ ನಿಲ್ಲಿಸಿ. ಯಾವ ಸ್ನಾಯುವಿಗೆ ಎಷ್ಟು ಅನ್ನುವುದನ್ನು ಫಿಸಿಯೋಥೆರಪಿಯವರು ನೋಡಿ ಹೇಳಬೇಕು.

ಅಂಗಡಿಯಣ್ಣ ಹಾಲು ಕರೆಯೋದು ಈಗ ಕುಕ್ಕರಗಾಲಲ್ಲಿ ಅಲ್ಲ, ಎತ್ತರದ ಸ್ಟೂಲಿನ ಮೇಲೆ ಕೂತು. ಒಂದು ಹಸು ಕರೆದು ಹತ್ತು ನಿಮಿಷ ಬಿಟ್ಟು ಇನ್ನೊಂದು. ಹುಲ್ಲಿನ ಹೊರೆ ಹೊರುವುದು ನಿಂತಿದೆ, ಮೇವು ಕತ್ತರಿಸೋಕೆ ಮೋಟಾರಿನ ಯಂತ್ರ ಬಂದಿದೆ. ಕರುವನ್ನು ಜಗ್ಗಿ ಹಿಡಿಯೋದು ಮಾತ್ರ ಮಗಳ ಕೆಲಸ, ಅದರಲ್ಲಿ ಅವಳು ಅಪ್ಪನಿಗಿಂತ ಗಟ್ಟಿಗಿತ್ತಿ. ಹೊಲಿಗೆಯ ಅಕ್ಕ ಯಂತ್ರಕ್ಕೆ ಚಿಕ್ಕ ಮೋಟಾರು ಕೂರಿಸಿದರು, ಬೆರಳ ತುದಿಯಲ್ಲಿ ಒತ್ತಿದರೆ ಓಡುತ್ತದೆ. ಮುದ್ದೆ ತಿರುವುವುದು ಅವರ ಮನೆಯಲ್ಲಿ ಈಗ ಯಜಮಾನರ ಕೆಲಸ. ಮೊದಮೊದಲು ಗಂಟು ಕಟ್ಟುತ್ತಿತ್ತಂತೆ, ಈಗ ಪರವಾಗಿಲ್ಲವಂತೆ. ಈ ವಿಚಾರಕ್ಕೆ ಬೀದಿಯಲ್ಲಿ ನಕ್ಕವರಿದ್ದಾರೆ. ನಗಲಿ. ಅಕ್ಕನ ಭುಜದ ನೋವು ಆರು ತಿಂಗಳಲ್ಲಿ ಇಳಿಯಿತು.

ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಅಡ್ಡಾಗುವುದನ್ನು ನಾವು ನಾಲ್ವರೂ ತಪ್ಪಿಸುವುದಿಲ್ಲ. ನಿದ್ದೆ ಬರಲಿ ಬಿಡಲಿ, ಕಾಲಿನ ಮೇಲೆ ಭಾರ ಇಲ್ಲದಿದ್ದರೆ ಸಾಕು. ಚಳಿಗಾಲದಲ್ಲಿ ಬಿಸಿನೀರು, ಉಣ್ಣೆ ಕಾಲುಚೀಲ. ಮೈ ತೂಕ ಹೆಚ್ಚದಂತೆ ನೋಡಿಕೊಳ್ಳುವುದು. ಸೋತ ಕಾಲಿಗೆ ಐದು ಕೆಜಿ ಅಂದರೆ ಹಾಲಿನ ಅರ್ಧ ಕ್ಯಾನು ಹೊತ್ತ ಹಾಗೆ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ದಿನಾ ನುಂಗುವವರು ನಮ್ಮೂರಲ್ಲಿ ಬಹಳ ಜನ. ಅವು ಹೊಟ್ಟೆ ಸುಡುತ್ತವೆ, ಕಿಡ್ನಿ ಕೆಡಿಸುತ್ತವೆ. ಡಾಕ್ಟರು ಬರೆದುಕೊಟ್ಟಷ್ಟೇ, ಬರೆದುಕೊಟ್ಟಷ್ಟು ದಿನವೇ. ಇನ್ನೊಂದು ಮಾತು, ಪೋಲಿಯೊ ಆದವರಿಗೆ ಯಾವ ಆಪರೇಷನ್ ಆದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಮುಂಚೆಯೇ ಪೋಲಿಯೊ ವಿಚಾರ ಹೇಳಬೇಕು. ನಮಗೆ ಆ ಮದ್ದು ಹೆಚ್ಚು ಹೊತ್ತು ನಿಲ್ಲಬಹುದು, ಉಸಿರಾಟದ ಸ್ನಾಯು ಸೋತಿದ್ದರೆ ತೊಂದರೆ. ಹಲ್ಲು ಕೀಳಿಸುವಾಗಲೂ ಹೇಳಿ, ನಷ್ಟವೇನಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಕೋಲು ಹಿಡಿಯೋದು. ಹತ್ತನೇ ವಯಸ್ಸಿನಲ್ಲಿ ಕ್ಯಾಲಿಪರ್ ಬಿಚ್ಚಿ ಬಿಸಾಕಿ "ಇನ್ನು ಬೇಡ" ಅಂದ ದಿನ ನಮ್ಮ ಪಾಲಿಗೆ ಹಬ್ಬವಾಗಿತ್ತು. ಐವತ್ತು ದಾಟಿದ ಮೇಲೆ ಅದನ್ನೇ ಮತ್ತೆ ಕಟ್ಟಿಕೊಳ್ಳಿ ಅಂದರೆ ಗೆದ್ದದ್ದನ್ನು ಸೋತ ಹಾಗೆ. ಪರೀಕ್ಷಕರು ಒಂದು ವರ್ಷ ಒಪ್ಪಲಿಲ್ಲ. ಮೂರು ಸಲ ಬಿದ್ದ ಮೇಲೆ ಒಪ್ಪಿದರು. ಈಗಿನದ್ದು ಆಗಿನಷ್ಟು ಭಾರವಿಲ್ಲ, ಪ್ಲಾಸ್ಟಿಕ್ಕಿನದು, ಪ್ಯಾಂಟಿನೊಳಗೆ ಕಾಣುವುದೂ ಇಲ್ಲ. ಅದನ್ನು ಹಾಕಿದ ಮೇಲೆ ಸಂಜೆ ಹೊತ್ತಿನ ಹಾಲು ಮುಗಿಸಿ ಮನೆಗೆ ನಡೆದುಕೊಂಡು ಹೋಗುತ್ತಿದ್ದಾರೆ.

ಸರ್ಕಾರಿ ಕಾಗದದ ವಿಚಾರ ಚುಟುಕಾಗಿ. ನಮ್ಮಲ್ಲಿಬ್ಬರ ಅಂಗವಿಕಲ ಪ್ರಮಾಣಪತ್ರ ಇಪ್ಪತ್ತು ವರ್ಷ ಹಿಂದಿನದು. ಆವತ್ತು ಹಾಕಿದ ಶೇಕಡಾ ಇವತ್ತಿನ ಮೈಗೆ ಹೊಂದುವುದಿಲ್ಲ, ಪಿಂಚಣಿಯ ಮೊತ್ತ ನಿಂತಿರೋದು ಆ ಶೇಕಡಾದ ಮೇಲೆ. ಮರುಪರೀಕ್ಷೆ ಮಾಡಿಸಿಕೊಳ್ಳಲು ಅವಕಾಶವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿದೆ, ಶೇಕಡಾ 40 ಇದ್ದವರಿಗೆ ಸೌಲಭ್ಯಗಳು ಸಿಗುತ್ತವೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕೋಕೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಒಂದು ಕಚೇರಿಯಲ್ಲಿ ಮಾತ್ರ "ಪೋಲಿಯೊ ಹೆಚ್ಚಾಗೋದುಂಟೇನ್ರೀ" ಅಂತ ನಕ್ಕು ಅರ್ಜಿ ಹಿಂದೆ ಕೊಟ್ಟರು. ಬೆಂಗಳೂರಿನ ಡಾಕ್ಟರ ಚೀಟಿ ಹಿಡಿದು ಮತ್ತೆ ಹೋಗಬೇಕಾಯಿತು. ಚೀಟಿಗಳನ್ನು ಜೋಪಾನವಾಗಿಟ್ಟುಕೊಳ್ಳಿ.

ಇನ್ನು ನಮ್ಮ ಸಂಘದ ವಿಚಾರ. ಈ ಸಭೆಯಲ್ಲಿ ಮಾತಾಡಬೇಕು ಅಂತ ಹಟ ಹಿಡಿದದ್ದೇ ಇದಕ್ಕಾಗಿ.

ಅಂಗಡಿಯಣ್ಣ ಹೋದ ವರ್ಷಕ್ಕೆ ಹಿಂದಿನ ವರ್ಷ ಐದು ತಿಂಗಳು ಡೇರಿಗೆ ನಡೆದು ಬರಲಾಗಲಿಲ್ಲ. ಹಸು ಕರೆಯುತ್ತಿತ್ತು, ಹಾಲೂ ಬರುತ್ತಿತ್ತು. ಪಕ್ಕದ ಮನೆಯವರು ಪುಣ್ಯಾತ್ಮರು, ತಮ್ಮ ಹಾಲಿನ ಜೊತೆ ತಂದು ಹಾಕಿದರು, ದುಡ್ಡು ಪೈಸೆ ಬಿಡದೆ ಕೊಟ್ಟರು. ಆದರೆ ಹಾಲು ಬಿದ್ದದ್ದು ಅವರ ಪಾಸ್‌ಬುಕ್ಕಿಗೆ. ವರ್ಷದಲ್ಲಿ ಇಷ್ಟು ದಿನ ಹಾಲು ಹಾಕಿದವರಿಗೆ ಮಾತ್ರ ಮತ ಅನ್ನುವ ನಿಯಮದಂತೆ ಇವರ ಹೆಸರು ಮತದಾರರ ಪಟ್ಟಿಯಿಂದ ಬಿತ್ತು, ಬೋನಸ್ಸೂ ಹೋಯಿತು. ಯಾರೂ ಬೇಕೂಂತ ಮಾಡಿದ್ದಲ್ಲ, ಕಾರ್ಯದರ್ಶಿಗಳು ನಿಯಮದ ಪ್ರಕಾರವೇ ನಡೆದರು. ಆದರೂ ಇಪ್ಪತ್ತೈದು ವರ್ಷದ ಹಿಂದೆ ಷೇರು ಹಣ ಕಟ್ಟಿ ಮೊದಲ ದಿನದ ಕ್ಯಾನಿಗೆ ಹಾಲು ಸುರಿದವರಲ್ಲಿ ಅವರೂ ಒಬ್ಬರು. ಸಹಕಾರ ಚಳವಳಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಶುರುವಾದದ್ದು, ಒಬ್ಬೊಬ್ಬರಿಂದ ಆಗದ್ದು ಕೂಡಿದರೆ ಆಗುತ್ತದೆ ಅಂತ. ಇನ್ನೊಬ್ಬರ ಕೈಯಲ್ಲಿ ಕಳಿಸಿದ ಹಾಲನ್ನು ಕಳಿಸಿದವರ ಹೆಸರಲ್ಲೇ ಬರೆದುಕೊಳ್ಳುವ ಏರ್ಪಾಡು ಮಾಡಬೇಕು. ಬೇರೆ ಪಾತ್ರೆ, ಬೇರೆ ಅಳತೆ, ಬೇರೆ ಚೀಟಿ. ಇದು ನಮಗೆ ಮಾತ್ರ ಅಲ್ಲ, ಬಾಣಂತಿಯರಿಗೆ, ಮುದುಕರಿಗೆ, ಕಾಲು ಮುರಿದವರಿಗೆ ಎಲ್ಲರಿಗೂ ಆಗುತ್ತದೆ.

ಎರಡನೆಯದು, ಡೇರಿ ಮುಂದಿನ ಸಾಲು. ಇಪ್ಪತ್ತು ನಿಮಿಷ ನಿಲ್ಲುವುದು ನಮಗೆ ಒಂದು ಮೈಲಿ ನಡೆಯುವುದಕ್ಕಿಂತ ಭಾರ. ನಿಂತಾಗ ಸ್ನಾಯುವಿಗೆ ಬಿಡುವೇ ಇರುವುದಿಲ್ಲ. ಮುಂದೆ ಬಿಡಿ ಅಂತ ನಾವು ಕೇಳುವುದಿಲ್ಲ, ಸರದಿ ಸರದಿಯೇ. ಗೋಡೆಗೆ ಒಂದು ಬೆಂಚು ಹಾಕಿಸಿ, ಪಾತ್ರೆ ಸಾಲಲ್ಲಿರಲಿ, ನಾವು ಬೆಂಚಲ್ಲಿರುತ್ತೇವೆ. ಬಾಗಿಲಿನ ಮೂರು ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು, ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪು. ಕ್ಯಾನು ಉರುಳಿಸೋಕೂ ಅದು ಅನುಕೂಲ ಅಂತ ಹುಡುಗರು ಈಗಾಗಲೇ ಹೇಳುತ್ತಿದ್ದಾರೆ.

ಮೂರನೆಯದು ಪರೀಕ್ಷಕರ ಕೆಲಸ. ಅವರ ಕೈ ನಡುಗಿಲ್ಲ, ಕಣ್ಣು ಮಂಜಾಗಿಲ್ಲ, ಇಪ್ಪತ್ತೆರಡು ವರ್ಷದಲ್ಲಿ ಅವರು ತೆಗೆದ ಫ್ಯಾಟಿನ ಬಗ್ಗೆ ತಕರಾರು ಬಂದದ್ದು ಕಮ್ಮಿ. ಆಗದಿರುವುದು ನಿಲ್ಲುವುದು ಮತ್ತು ಕ್ಯಾನು ಎತ್ತುವುದು, ಎರಡೇ. ಹೋದ ತಿಂಗಳ ಮಂಡಳಿ ಸಭೆಯಲ್ಲಿ ಬೇರೆಯವರನ್ನು ನೋಡೋಣ ಅನ್ನುವ ಮಾತು ಬಂದಿದೆ ಅಂತ ಕೇಳಿದ್ದೇವೆ. ಪರೀಕ್ಷೆಯ ಮೇಜನ್ನು ಒಂದಡಿ ತಗ್ಗಿಸಿ, ಕಾಲಿಡಲು ಹಲಗೆಯಿರುವ ಒಂದು ಕುರ್ಚಿ ಹಾಕಿ, ಕ್ಯಾನು ಎತ್ತುವ ಕೆಲಸವನ್ನು ಸಹಾಯಕನಿಗೆ ಬರೆದುಕೊಟ್ಟು, ಮೂರು ತಿಂಗಳು ನೋಡಿ. ಅಷ್ಟಾದ ಮೇಲೆ ಮಂಡಳಿ ಏನು ತೀರ್ಮಾನ ಮಾಡಿದರೂ ನಾವು ಮಾತೆತ್ತುವುದಿಲ್ಲ.

ಯಶಸ್ವಿನಿಯ ಬಗ್ಗೆ ಕೆಲವರು ಕೇಳಿದರು. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರಿಂದ ಮತ್ತೆ ನಡೆಯುತ್ತಿರುವ ಆ ಯೋಜನೆ ಸಹಕಾರಿಗಳಿಗೆ ದೊಡ್ಡ ಆಸರೆ, ತಪ್ಪದೆ ಕಟ್ಟಿ. ಆದರೆ ಅದು ಮುಖ್ಯವಾಗಿ ಆಪರೇಷನ್ನಿಗೆ. ನಮ್ಮ ಕಾಯಿಲೆಗೆ ಕೊಯ್ಯುವಂಥದ್ದೇನೂ ಇಲ್ಲ. ಬೇಕಾದದ್ದು ಬೆಂಚು, ಕುರ್ಚಿ, ಬಿಡುವು. ಅದಕ್ಕೆ ಯಾವ ವಿಮೆಯೂ ಬೇಕಿಲ್ಲ.

ಎಳೆಯ ತಾಯಂದಿರಿಗೆ ಒಂದು ಮಾತು. ಪಲ್ಸ್ ಪೋಲಿಯೊ ನಮ್ಮ ದೇಶದಲ್ಲಿ 1995ರಲ್ಲಿ ಶುರುವಾಯಿತು. ದೇಶದ ಕೊನೆಯ ಕಾಡು ವೈರಸ್ಸಿನ ಪೋಲಿಯೊ ಕಂಡದ್ದು 2011ರ ಜನವರಿಯಲ್ಲಿ, ಬಂಗಾಳದ ಹೌರಾದ ಒಂದು ಹೆಣ್ಣುಮಗುವಿಗೆ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಇನ್ಯಾಕೆ ಹನಿ ಅಂತ ಕೇಳುವವರಿದ್ದಾರೆ. ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ಅದು ಇನ್ನೂ ಹೋಗಿಲ್ಲ. ವೈರಸ್ಸು ಹೊಕ್ಕ ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಮಾತ್ರ ಕಾಲು ಹೋಗುತ್ತದೆ, ಮಿಕ್ಕವರು ಏನೂ ಗೊತ್ತಿಲ್ಲದೆ ಹಂಚುತ್ತಾರೆ. ಬಾಯಿಗೆ ಹನಿ, ಜೊತೆಗೆ ಪಟ್ಟಿಯಲ್ಲಿರುವ ಚುಚ್ಚುಮದ್ದು, ಎರಡನ್ನೂ ಆಶಾ ಕಾರ್ಯಕರ್ತೆಯರು ಹೇಳಿದ ದಿನವೇ ಹಾಕಿಸಿ.

ನಮ್ಮ ಮೂರು ಕೋರಿಕೆಗಳನ್ನು ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇವೆ, ನಾಲ್ವರ ಸಹಿ ಇದೆ. ಬೆಂಚಿಗೆ ಬೇಕಾದ ಹಲಸಿನ ಹಲಗೆ ಮೇಷ್ಟ್ರ ಮನೆ ಅಟ್ಟದ ಮೇಲಿದೆ, ಸಂಘ ಒಪ್ಪಿದರೆ ಹಾಗೇ ಕೊಡುತ್ತಾರೆ. ಇಳಿಸೋಕೆ ಮಾತ್ರ ಇಬ್ಬರು ಹುಡುಗರು ಬರಬೇಕು.